ಎರಡಿಂಚು ನೀರು ಅಂದ್ರೆ ಎಷ್ಟು?

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ವರು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಎಲ್ಲರೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೊದಲ ವರ್ಷದ ವೈವಾದಲ್ಲಿ ಜಗಳೂರಿನ ಗೆಳೆಯನಿಗೆ, ವೋಲ್ಟೇಜ್ ಇಳಿದರೆ ಪಂಪಿನ ಮೋಟರ್‌ಗೆ ಏನಾಗುತ್ತೆ ಅಂತ ಕೇಳಿದರು. "ಕರೆಂಟ್ ಕಡಿಮೆ ಆಗುತ್ತೆ ಸಾರ್, ಮೋಟರ್ ಸುಟ್ಟೋಗುತ್ತೆ" ಅಂದ. ಹಿಂದೆ ನಿಂತಿದ್ದವರೆಲ್ಲ ನಕ್ಕರು. ಸುಡೋದನ್ನ ಅವನು ಹೊಲದಲ್ಲಿ ಕಣ್ಣಾರೆ ಕಂಡಿದ್ದ, ಮನೆಯವರು ಎರಡು ಸಲ ವೈಂಡಿಂಗ್ ಮಾಡಿಸಿದ್ದರು. ತಪ್ಪಿದ್ದು ಒಂದು ಪದ. ಆವತ್ತು ರಾತ್ರಿ, ಊರಿನ ಇಂಗ್ಲಿಷ್ ಪದಕ್ಕೂ ಪುಸ್ತಕದ ಪದಕ್ಕೂ ಎಲ್ಲೆಲ್ಲಿ ಜಗಳ ಐತೆ ಅಂತ ಕೂತು ನೋಡಿದ್ವಿ.

ಮೊದಲು ಕರೆಂಟ್. ಬಲ್ಬು ಮಂಕಾದರೆ ಊರಲ್ಲಿ "ಕರೆಂಟ್ ಕಡಿಮೆ ಐತೆ" ಅಂತೀವಿ. ಇಳಿದಿರೋದು ವೋಲ್ಟೇಜ್. ಬಲ್ಬಿನಲ್ಲಿ ಅದರ ಜೊತೆ ಕರೆಂಟೂ ಇಳಿಯೋದರಿಂದ ಮಾತು ನಡೆದುಹೋಗುತ್ತೆ. ನೀರೆತ್ತುವ ಇಂಡಕ್ಷನ್ ಮೋಟರ್‌ನಲ್ಲಿ ಉಲ್ಟಾ. ಲೋಡು ಹಾಗೇ ಇರುತ್ತೆ, ವೋಲ್ಟೇಜ್ ಇಳಿದಂತೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರಿ ವೈಂಡಿಂಗ್ ಸುಡುತ್ತೆ. "ಕರೆಂಟ್ ಹೋಯ್ತು" ಅನ್ನೋದು ಮಾತ್ರ ತಪ್ಪಲ್ಲ, ಧೈರ್ಯವಾಗಿ ಹೇಳಿ.

ಸಿಂಗಲ್ ಫೇಸ್‌ನಲ್ಲಿ ಪಂಪು ಓಡಿಸಲು ಹಾಕುವ ಕಂಡೆನ್ಸರ್ ನಮ್ಮ ಸಿಲಬಸ್‌ನಲ್ಲಿ ಕೆಪಾಸಿಟರ್. ಇಂಗ್ಲಿಷಿನ ಹಳೆಯ ಪುಸ್ತಕಗಳಲ್ಲೂ ಅದು ಕಂಡೆನ್ಸರೇ. ಆದರೆ ಮೆಕ್ಯಾನಿಕಲ್ ಲ್ಯಾಬಿನಲ್ಲಿ ಕಂಡೆನ್ಸರ್ ಅಂದರೆ ಹಬೆಯನ್ನು ನೀರು ಮಾಡೋದು.

ಚನ್ನಗಿರಿ, ಹೊನ್ನಾಳಿ ಕಡೆ ಭದ್ರಾ ನಾಲೆಗೆ ಚಾನಲ್ ಅಂತಾರೆ. "ಕೆನಾಲ್ ಅನ್ನಬೇಕು" ಅಂತ ತಿದ್ದುವವರಿದ್ದಾರೆ. ಕೆನಾಲ್, ಚಾನಲ್ ಎರಡೂ ಒಂದೇ ಲ್ಯಾಟಿನ್ ಪದದ ಮಕ್ಕಳು, ತಿದ್ದೋ ಅಗತ್ಯವಿಲ್ಲ. ಸಿವಿಲ್‌ನವರಿಗೆ ಅದೇ ಚಾನಲ್ ಕಬ್ಬಿಣದ ಸೆಕ್ಷನ್, ಇಸಿಯವರಿಗೆ ಸಿಗ್ನಲ್ ಹರಿಯುವ ದಾರಿ. ಅಡಿಕೆ ಮಂಡಿಯ ಟೆಂಡರ್‌ಗೂ ಎಳನೀರಿನ ಟೆಂಡರ್‌ಗೂ ಮಾತ್ರ ಲ್ಯಾಟಿನ್ ಪದ ಬೇರೆ ಬೇರೆ.

ನಾವು ಜಾಸ್ತಿ ಹೊತ್ತು ಕೂತದ್ದು ಇಂಚಿನ ಮೇಲೆ. ಜಗಳೂರಿನಲ್ಲಿ ಬೋರ್ ಹೊಡೆಸಿದರೆ ಎಲ್ಲರೂ ಕೇಳೋದು "ಎಷ್ಟಿಂಚು ಬಿತ್ತು?" ಇಂಚು ಉದ್ದದ ಅಳತೆ, ನೀರಿಗೆ ಹೇಗೆ ಬಂತು? ಪೈಪಿನ ಇಂಚಲ್ಲ ಇದು. ಬೋರಿನಿಂದ ಉಕ್ಕುವ ನೀರನ್ನು ವಿ ಆಕಾರದ ಕಚ್ಚಿನ ತಗಡಿನ ಮೇಲೆ ಹರಿಸಿ, ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ನಿಂತಿದೆ ಅಂತ ನೋಡೋ ಇಂಚು. ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನ ವಿ-ನಾಚ್ ಇದೇ. ಅಲ್ಲಿ ಹರಿವು ಎತ್ತರದ ಎರಡೂವರೆ ಘಾತಕ್ಕೆ ತಕ್ಕಂತೆ ಏರುತ್ತೆ. 90 ಡಿಗ್ರಿ ನಾಚ್‌ಗೆ ಲೆಕ್ಕ ಹಾಕಿದರೆ ಒಂದಿಂಚು ಗಂಟೆಗೆ ಸುಮಾರು 500 ಲೀಟರ್, ಎರಡಿಂಚು 2,900, ಮೂರಿಂಚು 8,000. ಎರಡಿಂಚು ಒಂದೂವರೆಗೆ ಇಳಿದರೆ ಹೋಗೋದು ಕಾಲು ಭಾಗವಲ್ಲ, ಅರ್ಧ.

ಲೆಕ್ಕ ಮುಗಿದಾಗ ಜಗಳೂರಿನವನು ಸುಮ್ಮನಾಗಿಬಿಟ್ಟ. ಅವರ ಹೊಲದಲ್ಲಿ ಎರಡು ಬೋರು, ಒಂದೊಂದರಲ್ಲಿ ಒಂದೊಂದಿಂಚು. "ಎರಡೂ ಸೇರಿ ಎರಡಿಂಚು ಐತಲ್ಲಪ್ಪ, ಒಂದೆಕರೆ ಅಡಿಕೆ ಸಸಿ ಇಡ್ತೀನಿ" ಅಂತ ಅವರಪ್ಪ ಸಾಲಕ್ಕೆ ಓಡಾಡ್ತಿದ್ರು. ಏಳು ಗಂಟೆ ತ್ರೀ ಫೇಸ್ ಸಿಕ್ಕರೂ ಎರಡು ಬೋರಿಂದ 7,000 ಲೀಟರ್. ಎರಡಿಂಚಿನ ಒಂದೇ ಬೋರಾಗಿದ್ದರೆ 20,000. ರಾತ್ರಿಯೇ ಫೋನ್ ಮಾಡಿದ. ಅಪ್ಪ ನಂಬಲಿಲ್ಲ. "ಒಂದ್ಗಂಟೆ ಮೋಟರ್ ಓಡ್ಲಿ, ಆಮೇಲೆ 200 ಲೀಟರ್ ಡ್ರಮ್ ಇಟ್ಟು ಟೈಮ್ ನೋಡಪ್ಪ. ಎರಡಿಂಚಿನ ನೀರಾದ್ರೆ ನಾಲ್ಕು ನಿಮಿಷಕ್ಕೆ ತುಂಬಬೇಕು" ಅಂದ. ಮಾರನೇ ದಿನ ಫೋನ್ ಬಂತು. ಒಂದು ಬೋರಿನಲ್ಲಿ ಡ್ರಮ್ ತುಂಬಲು 25 ನಿಮಿಷ, ಇನ್ನೊಂದರಲ್ಲಿ ಅರ್ಧ ಗಂಟೆ. ಸಸಿ ಇನ್ನೂ ತಂದಿರಲಿಲ್ಲ.