ಕಾಗದದ ಮೋಸ ತೋರಿಸುವ ಬೆಳಕು

ಅಕ್ಕಂದಿರೇ, ಭಾಲ್ಕಿ ಇರಲಿ, ಔರಾದ ಇರಲಿ, ಸಾಲದ ಚೀಟಿ ಎಲ್ಲರಿಗೂ ಗೊತ್ತು. ಚೀಟಿಯಲ್ಲಿ 1,000 ರೂಪಾಯಿ ಅಂತ ಬರೆದಿತ್ತು ಅಂದುಕೊಳ್ಳಿ. ಸಾಹುಕಾರ ಆಮೇಲೆ ಎಡಗಡೆ ಇನ್ನೊಂದು 1 ಬರೆದ. 11,000 ಆಯ್ತು! ಎರಡೂ ಕಪ್ಪು ಶಾಯಿ. ಕೆಳಗೆ ನಿಮ್ಮದೇ ಹೆಬ್ಬೆಟ್ಟು. ನಿಮ್ಮ ಮಾತು ಯಾರು ನಂಬ್ತಾರೆ?

ಬೆಳಕು ಸಾಕ್ಷಿ ಹೇಳಬಹುದು. ಕಪ್ಪು ಶಾಯಿ ಎಲ್ಲ ಒಂದೇ ಅಲ್ಲ. ಕಣ್ಣಿಗೆ ಕಾಣದ ಬೆಳಕೂ ಇದೆ. ಕೆಂಪಿನ ಆಚೆ ಇರುವುದು ಅವಗೆಂಪು. ಆ ಬೆಳಕಿನಲ್ಲಿ ಫೋಟೋ ತೆಗೆದರೆ ಒಂದು ಶಾಯಿ ಕಪ್ಪಗೇ ಉಳಿಯುತ್ತದೆ, ಇನ್ನೊಂದು ಮಾಯ ಆಗಬಹುದು. ಆಗ ಸೇರಿಸಿದ 1 ಯಾವುದು ಅಂತ ತಿಳಿಯುತ್ತದೆ.

ನೇರಳೆಯ ಆಚೆಗೂ ಒಂದು ಬೆಳಕಿದೆ. ಪೇಟೆಯ ಅಂಗಡಿಯಲ್ಲಿ ನೋಟು ಹಿಡಿದು ನೋಡುವ ದೀಪ ಅದೇ. ಖರೇ ನೋಟಿನ ನಂಬರು ಹೊಳೆಯುತ್ತದೆ, ಕಾಗದ ಹೊಳೆಯುವುದಿಲ್ಲ.

ಇಂಥ ಪರೀಕ್ಷೆಯ ದೊಡ್ಡ ಯಂತ್ರಕ್ಕೆ ಬಹಳ ದುಡ್ಡು. ಈಗ ಬೇರೆ ಬೇರೆ ಬೆಳಕಿನ ಎಲ್‌ಇಡಿ ದೀಪ, ಸಣ್ಣ ಕ್ಯಾಮೆರಾ, ಕಂಪ್ಯೂಟರ್ ಇದ್ದರೆ ಕಡಿಮೆ ಖರ್ಚಿನಲ್ಲೂ ಮಾಡಬಹುದು. ಒಂದೊಂದು ದೀಪಕ್ಕೆ ಒಂದೊಂದು ಫೋಟೋ, ಅಷ್ಟೇ.

ಓದಿದವರೂ ಮೋಸ ಹೋಗ್ತಾರೆ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದವನ್ನು ದೊಡ್ಡ ದೊಡ್ಡ ಕಂಪನಿಗಳೇ ಕೊಂಡವು. ಅವನು ಸಿಕ್ಕಿಬಿದ್ದದ್ದು 2001ರಲ್ಲಿ.

ಬೆಳಕಿಗೂ ಸೋಲು ಉಂಟು. ಅದೇ ಪೆನ್ನಿನಿಂದ ತಿದ್ದಿದರೆ ಶಾಯಿಯ ಭೇದ ಕಾಣದು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರಂತೂ ಕಷ್ಟ. ಜೆರಾಕ್ಸಿನಲ್ಲೂ ಶಾಯಿ ಇರುವುದಿಲ್ಲ, ಬರೀ ಕಪ್ಪು ಪುಡಿ. ಆದರೂ ಚೀಟಿ ಬರೆದ ದಿನವೇ ಒಂದು ಜೆರಾಕ್ಸ್ ಇಸಿದುಕೊಳ್ಳಿ. ಹಣವನ್ನು ಅಕ್ಷರದಲ್ಲೂ ಬರೆಸಿ, ಓದಿ, ಆಮೇಲೆ ಸಹಿ ಮಾಡಿ. ತಕರಾರು ಕೋರ್ಟಿಗೆ ಹೋದರೆ, ಮೂಲ ಚೀಟಿಯನ್ನೇ ತರಿಸಿ ಪರೀಕ್ಷೆಗೆ ಕಳಿಸಲು ಕೇಳಿ ಅಂತ ವಕೀಲರಿಗೆ ಹೇಳಿರಿ.