ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಫ್ಯಾನಿನ ಸದ್ದು ಕೇಳಿ



ದ್ವಿತೀಯ ಪಿಯುಸಿ ಪರೀಕ್ಷೆ, ಸಿಇಟಿ ಮುಗಿಯುತ್ತಿದ್ದಂತೆ ಸ್ಟಾಫ್ ರೂಮಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ್, ಐ5 ತಗೊಳ್ಳೋದಾ, ಐ7 ತಗೊಳ್ಳೋದಾ?" ಮನೆಯವರು ತಿಂಗಳುಗಟ್ಟಲೆ ಕೂಡಿಟ್ಟ ಹಣ ಈ ಒಂದು ವಸ್ತುವಿಗೆ ಹೋಗುತ್ತದೆ. ಇಂಜಿನಿಯರಿಂಗ್ ಸೇರಿದರೆ ನಾಲ್ಕು ವರ್ಷ ಅದರಲ್ಲೇ ಕೆಲಸ ಮಾಡಬೇಕು. ಆದರೆ ಅದರ ಬಿಸಿ ಎಷ್ಟು, ಸದ್ದು ಎಷ್ಟು ಎಂದು ಕೇಳುವವರು ಕಡಿಮೆ. ಒಂದೇ ಕೋಣೆಯಲ್ಲಿ ತಮ್ಮ ತಂಗಿಯರು ಮಲಗಿರುವಾಗ, ರಂಜಾನಿನಲ್ಲಿ ಸಹರಿಗೆ ಮೊದಲೇ ಎದ್ದು ಓದುವಾಗ ಆ ಸದ್ದು ಸಣ್ಣ ವಿಷಯವಲ್ಲ. ಇದರ ಉತ್ತರ ನಿಮ್ಮ ಭೌತಶಾಸ್ತ್ರದ ಪಾಠದಲ್ಲೇ ಇದೆ.

ಬಿಸಿ ಎಲ್ಲಿಂದ ಬರುತ್ತದೆ?

ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಉಷ್ಣವಾಗುತ್ತದೆ. 15 ವ್ಯಾಟ್ ಬಳಸಿದರೆ 15 ವ್ಯಾಟ್ ಬಿಸಿ. ಟ್ರಾನ್ಸಿಸ್ಟರ್‌ಗಳು ಆನ್-ಆಫ್ ಆಗಲು ಬೇಕಾಗುವ ವಿದ್ಯುತ್ತು ಕ್ಲಾಕ್ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ಹೆಚ್ಚಿಸಲು ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು. ವೇಗ ಶೇ. 20, ವೋಲ್ಟೇಜ್ ಶೇ. 10 ಏರಿತು ಎನ್ನಿ: 1.2 × 1.1 × 1.1 = 1.45. ಅಂದರೆ ಶೇ. 20ರಷ್ಟು ವೇಗಕ್ಕಾಗಿ ಶೇ. 45ರಷ್ಟು ಹೆಚ್ಚು ಬಿಸಿ.

ಸದ್ದು ಎಲ್ಲಿಂದ?

ಚಿಪ್ಪಿನ ಬಿಸಿ ತಾಮ್ರದ ಕೊಳವೆಯಲ್ಲಿ ಸಾಗಿ ತೆಳುವಾದ ಲೋಹದ ಹಾಳೆಗಳನ್ನು ತಲುಪುತ್ತದೆ. ಅಲ್ಲಿಂದ ಅದನ್ನು ಫ್ಯಾನ್ ಹೊರಗೆ ತಳ್ಳುತ್ತದೆ. ಫ್ಯಾನಿನ ವೇಗ ಇಮ್ಮಡಿಯಾದರೆ ಗಾಳಿಯೂ ಇಮ್ಮಡಿಯಾಗುತ್ತದೆ. ಆದರೆ ಸದ್ದಿನ ಶಕ್ತಿ ಸುಮಾರು ವೇಗದ ಐದನೇ ಘಾತದಲ್ಲಿ ಏರುತ್ತದೆ; ಅಂದರೆ 32 ಪಟ್ಟು, 15 ಡೆಸಿಬೆಲ್ ಹೆಚ್ಚು. ಹಾಗಾಗಿ ತೀರ ತೆಳುವಾದ ಲ್ಯಾಪ್‌ಟಾಪಿನಲ್ಲಿ ಬಲವಾದ ಚಿಪ್ ಇದ್ದರೆ, ಅದರ ಪುಟ್ಟ ಫ್ಯಾನ್ ಕಿರುಚಲೇಬೇಕು.

ನಮ್ಮ ಊರಿನ ಬೇಸಿಗೆ

ಬೆಂಗಳೂರು ತಂಪು ಎಂದು ನಂಬಿ ಕೂರಬೇಡಿ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ನ್ಯೂಟನ್ನನ ತಂಪಾಗುವಿಕೆಯ ನಿಯಮ ನೆನಪಿಸಿಕೊಳ್ಳಿ: ಉಷ್ಣ ಹೊರಹೋಗುವ ದರ ವಸ್ತುವಿನ ಮತ್ತು ಸುತ್ತಲಿನ ತಾಪಗಳ ವ್ಯತ್ಯಾಸವನ್ನು ಅವಲಂಬಿಸಿದೆ. ಚಿಪ್ 95 ಡಿಗ್ರಿ, ಕೋಣೆ 25 ಡಿಗ್ರಿ ಇದ್ದಾಗ ಫ್ಯಾನ್ 35 ವ್ಯಾಟ್ ಹೊರಹಾಕುತ್ತದೆ ಎನ್ನೋಣ. ಕೋಣೆ 35 ಡಿಗ್ರಿಗೆ ಏರಿದರೆ ವ್ಯತ್ಯಾಸ 70ರಿಂದ 60ಕ್ಕೆ ಇಳಿಯಿತು; ಅದೇ ಫ್ಯಾನ್ ಈಗ ಹೊರಹಾಕುವುದು 30 ವ್ಯಾಟ್ ಮಾತ್ರ. ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತದೆ. ಅದೂ ಸಾಲದಿದ್ದರೆ ಚಿಪ್ ಸುಡದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನೀವು ದುಡ್ಡು ಕೊಟ್ಟ ವೇಗ ನಿಮಗೆ ಸಿಗುವುದಿಲ್ಲ.

ಕೊನೆಯ ಅಕ್ಷರ ಓದಿ

ಐ5, ಐ7 ಎಂಬ ಸ್ಟಿಕ್ಕರ್ ಅರ್ಧ ಮಾತು. ಸಂಖ್ಯೆಯ ಕೊನೆಯ ಅಕ್ಷರವನ್ನೂ ನೋಡಬೇಕು. ಇಂಟೆಲ್‌ನ ಐ7-1255ಯು ಚಿಪ್ಪಿನ ಮೂಲ ವಿದ್ಯುತ್ ಮಿತಿ 15 ವ್ಯಾಟ್. ಐ5-12450ಎಚ್‌ನದು 45 ವ್ಯಾಟ್. ಇಲ್ಲಿ ಐ7 ತಂಪಿನದು, ಐ5 ಬಿಸಿಯದು! ಸ್ವಲ್ಪ ಹೊತ್ತಿನ ಭಾರಕ್ಕೆ ಮೊದಲನೆಯದು 55 ವ್ಯಾಟ್‌ವರೆಗೆ, ಎರಡನೆಯದು 95 ವ್ಯಾಟ್‌ವರೆಗೆ ಏರಬಲ್ಲದು. ಆದರೂ ಅಕ್ಷರ ಸುಳಿವು ಮಾತ್ರ. ಕೋರ್ ಅಲ್ಟ್ರಾ 5 125ಎಚ್‌ನ ಮೂಲ ಮಿತಿ 28 ವ್ಯಾಟ್. ಆದ್ದರಿಂದ ಪೂರ್ತಿ ಸಂಖ್ಯೆ ಬರೆದುಕೊಂಡು ಕಂಪನಿಯ ವಿವರಪಟ್ಟಿಯಲ್ಲಿ ವ್ಯಾಟ್ ನೋಡಿ.

ಟ್ಯಾಲಿ, ಪೈಥಾನ್, ಸಿ ಪ್ರೋಗ್ರಾಂ, ಆನ್‌ಲೈನ್ ತರಗತಿ ಇಷ್ಟಕ್ಕೆ 15 ವ್ಯಾಟ್‌ನ ಚಿಪ್ ಧಾರಾಳ ಸಾಕು. ಮೂರು ಆಯಾಮದ ವಿನ್ಯಾಸ, ವಿಡಿಯೊ ಎಡಿಟಿಂಗ್ ದಿನವೂ ಮಾಡುವವರಿಗೆ 45 ವ್ಯಾಟ್‌ನದು ಬೇಕಾಗಬಹುದು. ಅಂಥವರು ಸ್ವಲ್ಪ ದಪ್ಪ, ಎರಡು ಫ್ಯಾನಿನ ಲ್ಯಾಪ್‌ಟಾಪನ್ನೇ ಆರಿಸಿ.

ಅಂಗಡಿಯಲ್ಲಿ ಮತ್ತು ಮನೆಯಲ್ಲಿ

ಎಸ್.ಪಿ. ರಸ್ತೆಯ ಗದ್ದಲದಲ್ಲಿ ಯಾವ ಫ್ಯಾನಿನ ಸದ್ದೂ ಕೇಳಿಸದು. ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷ ಭಾರದ ಕೆಲಸ ಓಡಿಸಿ, ಗಾಳಿ ಹೊರಬರುವ ಕಿಂಡಿಯ ಬಳಿ ಕಿವಿ ಇಡಿ, ಕೀಬೋರ್ಡಿನ ಮೇಲೆ ಅಂಗೈ ಇಟ್ಟು ನೋಡಿ. ಅದೇ ಮಾದರಿ ಇರುವ ಸೀನಿಯರ್ ಸಿಕ್ಕರೆ, ಅವರ ಮನೆಯ ನಿಶ್ಶಬ್ದ ಕೋಣೆಯಲ್ಲಿ ಒಮ್ಮೆ ಕೇಳುವುದು ಇನ್ನೂ ಒಳ್ಳೆಯದು.

ಕೊಂಡ ಮೇಲೆ ಹಾಸಿಗೆ, ದಿಂಬಿನ ಮೇಲೆ ಇಡಬೇಡಿ. ಗಾಳಿಯ ಕಿಂಡಿ ಮುಚ್ಚುತ್ತದೆ. ಗಟ್ಟಿ ಹಲಗೆ ಸಾಕು. ರಾತ್ರಿ ಓದುವಾಗ ಪವರ್ ಮೋಡನ್ನು ಕಡಿಮೆ ವಿದ್ಯುತ್ತಿಗೆ ಬದಲಿಸಿ. ಕಿಂಡಿಯ ಧೂಳನ್ನು ಆಗಾಗ ತೆಗೆಸಿ.

ಅಭ್ಯಾಸ

1. ಚಿಪ್ 90, ಕೋಣೆ 30 ಡಿಗ್ರಿ ಇದ್ದಾಗ ಫ್ಯಾನ್ 30 ವ್ಯಾಟ್ ಹೊರಹಾಕುತ್ತದೆ. ಕೋಣೆ 36 ಡಿಗ್ರಿಯಾದರೆ ಎಷ್ಟು?

2. ನಿಮ್ಮ ಮನೆಯ ಅಥವಾ ನಮ್ಮ ಲ್ಯಾಬಿನ ಒಂದು ಕಂಪ್ಯೂಟರಿನ ಪ್ರೊಸೆಸರ್ ಸಂಖ್ಯೆ ಬರೆದು, ಅದರ ವ್ಯಾಟ್ ಹುಡುಕಿ.

ಉತ್ತರವನ್ನು ಭೌತಶಾಸ್ತ್ರ ವಿಭಾಗಕ್ಕೆ ತಂದುಕೊಡಿ. ಲ್ಯಾಪ್‌ಟಾಪ್ ಕೊಳ್ಳುವ ಯೋಚನೆ ಇದ್ದವರು ಹಣ ಕಟ್ಟುವ ಮೊದಲೇ ಬನ್ನಿ, ಕೂತು ನೋಡೋಣ.