ತಲೆಗೆ ಪೆಟ್ಟು ಬಿದ್ದರೆ: ಮೊದಲ ತಾಸು, ಮೊದಲ ವಾರ, ಮುಂದಿನ ತಿಂಗಳುಗಳು



ಎತ್ತಿನ ಕಾಲು ಉಳುಕಿದರೆ ನಾವು ಅದನ್ನು ಮರುದಿನ ನೊಗಕ್ಕೆ ಕಟ್ಟುವದಿಲ್ಲ. ಮೇವು ಹಾಕಿ, ನೆರಳಿಗೆ ಕಟ್ಟಿ, ಕುಂಟು ಹೋಗುವವರೆಗೆ ಕಾಯುತ್ತೇವೆ. ಆದರೆ ಮನೆಯ ಯಜಮಾನನ ತಲೆಗೆ ಪೆಟ್ಟು ಬಿದ್ದರೆ? ರುಮಾಲು ಕೊಡವಿಕೊಂಡು ಎದ್ದು, "ಏನೂ ಆಗಿಲ್ಲ" ಎಂದು ಮರುದಿನವೇ ಹೊಲಕ್ಕೆ ನಡೆಯುತ್ತಾನೆ. ಎತ್ತಿಗೆ ತೋರಿಸುವ ದಯೆಯನ್ನು ನಮ್ಮ ತಲೆಗೂ ತೋರಿಸಬೇಕು ಎಂಬುದೇ ಈ ಪಾಠದ ಸಾರ.

ಒಂದು ಉದಾಹರಣೆಯನ್ನು ನೋಡೋಣ. ಇದು ಯಾವ ಒಬ್ಬರ ಕಥೆಯೂ ಅಲ್ಲ. ಯಾವ ಊರಲ್ಲಿಯೂ ನಡೆಯಬಹುದಾದದ್ದು. ರೈತನೊಬ್ಬ ಜೋಳದ ಕಣಿಕೆಯ ಬಣವೆಯ ಮೇಲಿಂದ ಜಾರಿ ಬಿದ್ದ. ಒಂದು ಗಳಿಗೆ ಕಣ್ಣು ಕತ್ತಲೆ ಬಂತು. ಆಮೇಲೆ ಎದ್ದು ಕುಳಿತು ನೀರು ಕುಡಿದ, ಮಾತಾಡಿದ, ಮನೆಗೆ ನಡೆದು ಬಂದ. ಎರಡು ತಾಸಿನ ಮೇಲೆ ತಲೆ ಸಿಡಿಯುತ್ತಿದೆ ಎಂದ, ಎರಡು ಸಲ ವಾಂತಿ ಮಾಡಿಕೊಂಡ, ಮಲಗಿದ. "ದಣಿದಿದ್ದಾನೆ, ಮಲಗಲಿ" ಎಂದು ಮನೆಯವರು ಬಿಟ್ಟರು. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ತಲೆಬುರುಡೆಯ ಒಳಗೆ ರಕ್ತನಾಳ ಹರಿದು, ರಕ್ತ ನಿಧಾನವಾಗಿ ಕೂಡಿ ಮೆದುಳನ್ನು ಒತ್ತಿದಾಗ ಹೀಗಾಗುತ್ತದೆ. ನಡುವೆ ಮಾತಾಡಿದ್ದನ್ನು ನೋಡಿ ಗುಣವಾಯಿತೆಂದು ತಿಳಿಯುವದೇ ಇಲ್ಲಿ ಮೋಸ. ಸಕಾಲದಲ್ಲಿ ಆಸ್ಪತ್ರೆ ಮುಟ್ಟಿದವರನ್ನು ಶಸ್ತ್ರಚಿಕಿತ್ಸೆಯಿಂದ ಉಳಿಸಬಹುದು.

ಒಳಗೆ ಏನಾಗುತ್ತದೆ?

ಮೆದುಳು ಸುಮಾರು 1,300 ರಿಂದ 1,400 ಗ್ರಾಂ ತೂಗುವ ಮೆತ್ತಗಿನ ಅಂಗ. ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರನ್ನು ನೆನೆಯಿರಿ. ಗಡಿಗೆ ಒಡೆಯದಿದ್ದರೂ ಜೋರಾಗಿ ಅಲುಗಿಸಿದರೆ ಒಳಗಿನ ಮೊಸರು ಒಡೆಯುತ್ತದೆ. ಹಾಗೆಯೇ ಬುರುಡೆ ಸೀಳದಿದ್ದರೂ, ಹೊರಗೆ ಗಾಯ ಕಾಣದಿದ್ದರೂ, ಮೆದುಳು ಒಳಗೆ ಅಲುಗಿ ಪೆಟ್ಟು ತಿನ್ನಬಹುದು. ಇದರ ಸೌಮ್ಯ ರೂಪಕ್ಕೆ ವೈದ್ಯರು "ಕನ್ಕಷನ್" ಎನ್ನುತ್ತಾರೆ. ಇದಕ್ಕೆ ಎಚ್ಚರ ತಪ್ಪಲೇಬೇಕೆಂದಿಲ್ಲ. ಸಿ.ಟಿ. ಸ್ಕ್ಯಾನ್ ಚಿತ್ರ ಸರಿಯಿದ್ದರೂ ಕನ್ಕಷನ್ ಇರಬಹುದು; ಏಕೆಂದರೆ ಸ್ಕ್ಯಾನ್ ರಕ್ತಸ್ರಾವವನ್ನು ಮತ್ತು ಮುರಿದ ಎಲುಬನ್ನು ತೋರಿಸುತ್ತದೆ, ಮೆದುಳಿನ ಕೆಲಸದಲ್ಲಾದ ಏರುಪೇರನ್ನು ತೋರಿಸುವದಿಲ್ಲ.

ನಮ್ಮ ಭಾಗದಲ್ಲಿ ಪೆಟ್ಟು ಎಲ್ಲಿಂದ ಬರುತ್ತದೆ?

ಭಾರತದಲ್ಲಿ ಮೆದುಳಿಗೆ ಪೆಟ್ಟಾದ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 60 ರಸ್ತೆ ಅಪಘಾತದಿಂದ, 20 ರಿಂದ 25 ಬೀಳುವದರಿಂದ ಆಗುತ್ತವೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬರೆದಿದ್ದಾರೆ. ನಮ್ಮ ತಾಲೂಕುಗಳಲ್ಲಿ ಎರಡಕ್ಕೂ ಅವಕಾಶ ಬಹಳ. ಕುಷ್ಟಗಿಯ ಮೇಲೆ ಸೊಲ್ಲಾಪುರ-ಚಿತ್ರದುರ್ಗ ಹೆದ್ದಾರಿ, ಕೊಪ್ಪಳದ ಮೇಲೆ ಹುಬ್ಬಳ್ಳಿ-ಬಳ್ಳಾರಿ ಕಡೆಯ ಹೆದ್ದಾರಿ ಹಾಯುತ್ತವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಿಟ್ಟ ಮೇಲೆ ಗಂಗಾವತಿ ಭತ್ತದ ನಾಡಾಯಿತು. ಅದರೊಂದಿಗೆ ಟ್ರ್ಯಾಕ್ಟರು, ಚೀಲ ತುಂಬಿದ ಲಾರಿ, ಕಟಾವು ಯಂತ್ರಗಳೂ ಬಂದವು. ಯಲಬುರ್ಗಾದ ಎರೆಭೂಮಿಯಲ್ಲಿ ಬಣವೆ ಒಟ್ಟುವಾಗ, ಹುಣಸೆ ಬಡಿಯುವಾಗ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದಾಗ ಜನ ಬೀಳುತ್ತಾರೆ. ಕಾರಹುಣ್ಣಿಮೆಗೆ ಎತ್ತು ಓಡಿಸುವಾಗ ತಳ್ಳಾಟದಲ್ಲಿ ಬೀಳುವವರೂ ಉಂಟು.

ಮೊದಲ ತಾಸು

1. ಬಿದ್ದವನನ್ನು ಕೈಕಾಲು ಹಿಡಿದು ಎತ್ತಬೇಡಿರಿ. ಕುತ್ತಿಗೆಯ ಎಲುಬಿಗೂ ಪೆಟ್ಟಾಗಿರಬಹುದು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಇಬ್ಬರು ಮೂವರು ಸೇರಿ ಹಿಡಿಯಿರಿ.

2. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬೇಡಿರಿ. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ವಾಂತಿ ಬಂದರೆ ತಲೆ ಮೈ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿರಿ. ಉಳ್ಳಾಗಡ್ಡಿ ಮೂಸಿಸುವದು, ಮೈ ಕುಲುಕುವದು ಬೇಡ.

3. ರಕ್ತ ಸೋರುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಎಲುಬು ಒಳಗೆ ಕುಸಿದಂತೆ ಕಂಡರೆ ಒತ್ತದೆ ಬಟ್ಟೆಯನ್ನು ಹಗುರಾಗಿ ಹೊದಿಸಿರಿ. ಅರಿಷಿಣ, ಕಾಫಿ ಪುಡಿ, ಸುಣ್ಣ ಇವನ್ನು ಗಾಯಕ್ಕೆ ತುಂಬಬೇಡಿರಿ.

4. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿರಿ. ಸಿ.ಟಿ. ಯಂತ್ರವಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಅವರನ್ನೇ ಕೇಳಿರಿ. ಮೊದಲು ಅಲ್ಲಿ ಇಲ್ಲಿ ಸುತ್ತಿ, ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದರೆ ಬೆಲೆಯುಳ್ಳ ಹೊತ್ತು ಕಳೆಯುತ್ತದೆ.

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ರಾತ್ರಿಯೆಂದು ನೋಡದೆ ಹೊರಡಿರಿ: ಹೆಚ್ಚುತ್ತಲೇ ಹೋಗುವ ತಲೆನೋವು, ಮೇಲಿಂದ ಮೇಲೆ ವಾಂತಿ, ಮೂರ್ಛೆ ಅಥವಾ ಸೆಳವು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವದು, ಕೈಕಾಲಿನ ಬಲ ಕುಗ್ಗುವದು, ಮಾತು ತೊದಲುವದು, ಮೂಗು ಕಿವಿಗಳಿಂದ ರಕ್ತ ಅಥವಾ ತಿಳಿನೀರು ಸೋರುವದು, ಮನೆಯವರ ಗುರುತು ಸಿಗದಿರುವದು, ಎಬ್ಬಿಸಿದರೂ ಏಳದಿರುವದು. ಕೂಸಾದರೆ ಅಳು ನಿಲ್ಲಿಸದಿರುವದು, ಮೊಲೆ ಕುಡಿಯದಿರುವದು ಇವೂ ಅಪಾಯದ ಗುರುತುಗಳೇ.

ಮೂರು ಅಡಿಗಿಂತ ಎತ್ತರದಿಂದ ಬಿದ್ದವರನ್ನು, 65 ವರ್ಷ ದಾಟಿದವರನ್ನು, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರನ್ನು, ಕುಡಿದ ಅಮಲಿನಲ್ಲಿ ಬಿದ್ದವರನ್ನು, ಗುರುತು ಕಾಣದಿದ್ದರೂ ವೈದ್ಯರಿಗೆ ತೋರಿಸಲೇಬೇಕು. "ಕುಡಿದಿದ್ದಾನೆ, ಮಲಗಲಿ" ಎಂದು ಬಿಟ್ಟವರಲ್ಲಿ ಮೆದುಳಿನ ರಕ್ತಸ್ರಾವವಿದ್ದರೆ ಯಾರಿಗೂ ತಿಳಿಯುವದಿಲ್ಲ. ವಯಸ್ಸಾದವರಲ್ಲಿ ರಕ್ತ ಹನಿಹನಿಯಾಗಿ ಕೂಡಿ, ಬಿದ್ದ ಎರಡು ಮೂರು ವಾರಗಳ ಮೇಲೂ ಮಂಕು, ತೂಕಡಿಕೆ, ನಡಿಗೆಯ ಓಲಾಟ ತೋರಬಹುದು. ಆಗ "ವಯಸ್ಸಾಯಿತು" ಎನ್ನದೆ, ಬಿದ್ದ ಸಂಗತಿಯನ್ನು ವೈದ್ಯರಿಗೆ ನೆನಪು ಮಾಡಿಕೊಡಿರಿ.

ಮೊದಲ ವಾರ

ಪೆಟ್ಟು ತಿಂದವನನ್ನು ರಾತ್ರಿಯಿಡೀ ಮಲಗಗೊಡಬಾರದು ಎಂಬ ಮಾತು ಹಳ್ಳಿಯಲ್ಲಿದೆ. ವೈದ್ಯರು ನೋಡಿ ಮನೆಗೆ ಕಳುಹಿಸಿದ ಮೇಲೆ ನಿದ್ದೆ ಮಾಡಬಹುದು, ನಿದ್ದೆಯೇ ಔಷಧ. ಆದರೆ ಮೊದಲ ಒಂದೆರಡು ದಿನ ಒಬ್ಬರು ಜೊತೆಗಿರಬೇಕು. ರಾತ್ರಿ ಎಬ್ಬಿಸಿ ನೋಡಬೇಕೆಂದು ವೈದ್ಯರು ಹೇಳಿದ್ದರೆ ಹಾಗೆಯೇ ಮಾಡಿರಿ.

ನೋವಿನ ಗುಳಿಗೆಯನ್ನು ಅಂಗಡಿಯಿಂದ ತಂದು ನುಂಗಬೇಡಿರಿ. ಕೆಲವು ಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಯಾವುದು, ಎಷ್ಟು ಎಂಬುದನ್ನು ವೈದ್ಯರನ್ನೇ ಕೇಳಿರಿ. ಸೆರೆ ಸಾರಾಯಿ ಪೂರ್ತಿ ಬಿಡಬೇಕು.

ಮೊದಲ 24 ರಿಂದ 48 ತಾಸು ಮನೆಯಲ್ಲಿ ಶಾಂತವಾಗಿರಿ. ಮೊಬೈಲು, ಟಿ.ವಿ. ಕಡಿಮೆ ಮಾಡಿರಿ. ಆದರೆ ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿಸಿಡುವ ಪದ್ಧತಿಯನ್ನು ವೈದ್ಯರು ಈಗ ಬಿಟ್ಟಿದ್ದಾರೆ. ಎರಡು ದಿನದ ಮೇಲೆ ಸಣ್ಣ ನಡಿಗೆ, ಸಣ್ಣ ಕೆಲಸ ಒಳ್ಳೆಯದು. ಏರುವ ಮೆಟ್ಟಿಲುಗಳು ಹೀಗಿರಲಿ:

ಒಂದನೇ ಮೆಟ್ಟಿಲು: ಅಂಗಳದಲ್ಲಿ ಓಡಾಟ, ತನ್ನ ಸ್ನಾನ ಊಟ.
ಎರಡನೇ ಮೆಟ್ಟಿಲು: ಬೆಳಗಿನ ತಂಪಿನಲ್ಲಿ ಹೊಲದ ಬದುವಿನವರೆಗೆ ನಡೆದು ಬರುವದು.
ಮೂರನೇ ಮೆಟ್ಟಿಲು: ಕುಳಿತು ಮಾಡುವ ಕೆಲಸ, ಶೇಂಗಾ ಬಿಡಿಸುವದು, ಬೀಜ ಆರಿಸುವದು.
ನಾಲ್ಕನೇ ಮೆಟ್ಟಿಲು: ಅರ್ಧ ದಿನದ ಹಗುರ ಕೆಲಸ, ಕಳೆ ತೆಗೆಯುವದು, ನೀರು ತಿರುಗಿಸುವದು.
ಐದನೇ ಮೆಟ್ಟಿಲು: ವೈದ್ಯರು ಒಪ್ಪಿದ ಮೇಲೆ ಪೂರ್ತಿ ಕೆಲಸ.

ಒಂದು ಮೆಟ್ಟಿಲಲ್ಲಿ ಕಡಿಮೆಯೆಂದರೆ ಒಂದು ದಿನ ನಿಲ್ಲಿರಿ. ತಲೆನೋವು, ತಲೆಸುತ್ತು ಚೆನ್ನಾಗಿ ಹೆಚ್ಚಿದರೆ ಕೆಲಸ ನಿಲ್ಲಿಸಿ, ಮರುದಿನ ಒಂದು ಮೆಟ್ಟಿಲು ಕೆಳಗಿಳಿಯಿರಿ. ನಿಧಾನವೇ ಪ್ರಧಾನ.

ವೈದ್ಯರು ಹೇಳುವವರೆಗೆ ಇವು ಬೇಡ: ಟ್ರ್ಯಾಕ್ಟರು ಮತ್ತು ಮೋಟಾರ್‌ಸೈಕಲ್ ನಡೆಸುವದು, ರಾಶಿ ಯಂತ್ರ ಹಾಗೂ ಮೇವು ಕತ್ತರಿಸುವ ಯಂತ್ರದ ಮುಂದೆ ನಿಲ್ಲುವದು, ಗಿಡ ಬಣವೆ ಏರುವದು, ಬಾವಿ ಕಾಲುವೆಗಳಲ್ಲಿ ಈಜುವದು. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೇ ಪೆಟ್ಟು ಬಿದ್ದರೆ ಹಾನಿ ಬಹಳ ಹೆಚ್ಚು. ತಲೆ ಗಟ್ಟಿಯಿದೆ ಎಂದು ಬಂಡೆ ಹಾಯಬಾರದು ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ಮುಂದಿನ ತಿಂಗಳುಗಳು

ಕನ್ಕಷನ್ ಆದ ದೊಡ್ಡವರಲ್ಲಿ ಹೆಚ್ಚಿನವರು ಎರಡು ವಾರಗಳಲ್ಲಿ, ಮಕ್ಕಳು ನಾಲ್ಕು ವಾರಗಳಲ್ಲಿ ಸುಧಾರಿಸುತ್ತಾರೆ. ಕೆಲವರಿಗೆ ತಿಂಗಳುಗಳು ಬೇಕು. ಅಂಥವರು ಹೊರಗೆ ಗಟ್ಟಿಮುಟ್ಟಾಗಿ ಕಾಣುತ್ತಾರೆ. ಆದರೆ ಸಂತೆಗೆ ಹೋಗಿ ತರಬೇಕಾದುದನ್ನು ಮರೆಯುತ್ತಾರೆ, ಸದ್ದು ಬೆಳಕು ತಾಳಲಾರರು, ಸಣ್ಣ ಮಾತಿಗೆ ಸಿಟ್ಟಾಗುತ್ತಾರೆ, ಕಾರಣವಿಲ್ಲದೆ ಅಳುತ್ತಾರೆ. ಊರವರು "ಕೆಲಸಗಳ್ಳ" ಎನ್ನುತ್ತಾರೆ. ಇಲ್ಲವೆ "ಗಾಳಿ ಸೋಕಿದೆ" ಎಂದು ಅಂತ್ರ ಕಟ್ಟಿಸುತ್ತಾರೆ. ಎರಡೂ ತಪ್ಪು. ಗಾಯ ಒಳಗಿದೆ, ಕಣ್ಣಿಗೆ ಕಾಣುವದಿಲ್ಲ, ಅಷ್ಟೇ.

ಮನೆಯಲ್ಲಿ ಹೀಗೆ ಮಾಡಿರಿ. ದಿನವೂ ಒಂದೇ ಹೊತ್ತಿಗೆ ಊಟ, ಒಂದೇ ಹೊತ್ತಿಗೆ ನಿದ್ದೆ ಇರಲಿ. ಕುಡುಗೋಲು, ಕೀಲಿ, ಗುಳಿಗೆ ಒಂದೊಂದಕ್ಕೆ ಒಂದೊಂದು ಜಾಗ ಗೊತ್ತುಮಾಡಿರಿ. ಮಾಡಬೇಕಾದ ಕೆಲಸವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಓದು ಬಾರದಿದ್ದರೆ ಮಕ್ಕಳಿಂದ ಹೇಳಿಸಿರಿ. ಒಂದು ಸಲಕ್ಕೆ ಒಂದೇ ಮಾತು ಹೇಳಿರಿ. ಸಿಟ್ಟು ಬಂದಾಗ ಎದುರು ವಾದಿಸದೆ ಸ್ವಲ್ಪ ಹೊತ್ತು ಬಿಡಿರಿ. ಸಾಲ, ಹೊಲ ಮಾರಾಟ, ಹೆಬ್ಬೆಟ್ಟಿನ ಕಾಗದಗಳನ್ನು ಬುದ್ಧಿ ತಿಳಿಯಾಗುವವರೆಗೆ ಮುಂದೂಡಿರಿ.

ಪೆಟ್ಟು ದೊಡ್ಡದಾಗಿ ಹಾಸಿಗೆ ಹಿಡಿದವರಿಗೆ ಆರೈಕೆ ಬೇರೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿರಿ, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಕೂಡಿಸಿಯೇ ಉಣಿಸಿರಿ. ಕೈಕಾಲಿನ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿತು ದಿನವೂ ಮಾಡಿಸಿರಿ. ಸೆಳವಿನ ಗುಳಿಗೆಯನ್ನು "ಈಗ ಆರಾಮ" ಎಂದು ತಾವಾಗಿ ನಿಲ್ಲಿಸಬೇಡಿರಿ. ಆರೈಕೆಯ ಭಾರ ಹೆಚ್ಚಾಗಿ ಮನೆಯ ಹೆಣ್ಣುಮಗಳ ಮೇಲೆ ಬೀಳುತ್ತದೆ. ವಾರದಲ್ಲಿ ಒಂದು ದಿನವಾದರೂ ಮೈದುನನೋ, ನಾದಿನಿಯೋ, ನೆರೆಯವರೋ ಆ ಹೊರೆ ಹೊತ್ತು ಅವಳಿಗೆ ವಿಶ್ರಾಂತಿ ಕೊಡಬೇಕು.

ಸಹಾಯ ಎಲ್ಲಿ ಸಿಗುತ್ತದೆ?

ಮೊದಲ ಮೆಟ್ಟಿಲು ಊರ ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ. ಮುಂದೆ ತಾಲೂಕು ಆಸ್ಪತ್ರೆ, ಆಮೇಲೆ 2015ರಲ್ಲಿ ಪ್ರಾರಂಭವಾದ ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ. ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿ ಮತ್ತು ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಆದ ಸಂಸ್ಥೆ; ಅಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಷ್ಟೇ ಅಲ್ಲ, ನಡಿಗೆ, ಮಾತು, ನೆನಪುಗಳನ್ನು ಮತ್ತೆ ಕಲಿಸುವ ಪುನರ್ವಸತಿ ವಿಭಾಗವೂ ಇದೆ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರಕಾರ ಸೇರಿ ಮೆದುಳಿನ ಆರೋಗ್ಯದ ಕಾರ್ಯಕ್ರಮವನ್ನು ಆರಂಭಿಸಿದವು. ಅದರ ಸೇವೆಯ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಮನಸ್ಸು ಕುಗ್ಗಿದರೆ, ನಿದ್ದೆ ಬಾರದಿದ್ದರೆ, 14416ಕ್ಕೆ ಕರೆ ಮಾಡಿರಿ. ಇದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ. ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು.

ಮೋಟಾರು ವಾಹನದ ಅಪಘಾತವಾದರೆ 2025ರ ಕೇಂದ್ರ ಯೋಜನೆಯಂತೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1,50,000 ರೂಪಾಯಿ ಮಿತಿಯಲ್ಲಿ, ಹಣ ಕಟ್ಟದೆ ಚಿಕಿತ್ಸೆ ಉಂಟು. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವನಿಗೆ ಪೋಲೀಸು ಕೋರ್ಟುಗಳ ಕಾಟವಿರಬಾರದೆಂದು 2019ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯಲ್ಲಿ ರಕ್ಷಣೆ ಕೊಟ್ಟಿದೆ. ಆದ್ದರಿಂದ ದಾರಿಯಲ್ಲಿ ಬಿದ್ದವನನ್ನು ನೋಡಿ ಅಂಜಿ ಮುಂದೆ ಹೋಗಬೇಡಿರಿ.

ಪೆಟ್ಟಿನಿಂದ ಅಂಗವೈಕಲ್ಯ ಉಳಿದರೆ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಯು.ಡಿ.ಐ.ಡಿ. ಕಾರ್ಡಿಗೆ ಮತ್ತು ಮಾಸಾಶನಕ್ಕೆ ಅರ್ಜಿ ಹಾಕಿರಿ. ಆಸ್ಪತ್ರೆಯ ಚೀಟಿ, ಸ್ಕ್ಯಾನ್ ಚಿತ್ರ ಎಲ್ಲವನ್ನೂ ಒಂದು ಚೀಲದಲ್ಲಿ ಜೋಪಾನವಾಗಿಡಿರಿ.

ಬಾರದಂತೆ ನೋಡಿಕೊಳ್ಳುವದು

ಹೆಲ್ಮೆಟ್ ಧರಿಸಿದ ಮೋಟಾರ್‌ಸೈಕಲ್ ಸವಾರನಿಗೆ ತಲೆಯ ಪೆಟ್ಟಿನ ಅಪಾಯ ನೂರಕ್ಕೆ ಸುಮಾರು 69ರಷ್ಟು, ಸಾವಿನ ಅಪಾಯ ಸುಮಾರು 42ರಷ್ಟು ಕಡಿಮೆಯೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿ ಕಂಡಿದ್ದಾರೆ. ಗದ್ದಕ್ಕೆ ಪಟ್ಟಿ ಬಿಗಿಯದೆ ಇಟ್ಟುಕೊಂಡ ಹೆಲ್ಮೆಟ್ ಬಿದ್ದಾಗ ಹಾರಿಹೋಗುತ್ತದೆ. ಹಿಂದೆ ಕುಳಿತವರಿಗೂ ಬೇಕು. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂಡಿಸಬೇಡಿರಿ. ಮಾಳಿಗೆಗೆ ಮೊಳಕಾಲೆತ್ತರದ್ದಲ್ಲ, ಸೊಂಟದೆತ್ತರದ ಗೋಡೆ ಕಟ್ಟಿಸಿರಿ. ನಿಚ್ಚಣಿಕೆಯ ಮುರಿದ ಮೆಟ್ಟಿಲನ್ನು ಇಂದೇ ಬದಲಿಸಿರಿ.

ಕೂಡಿ ಓದಿ ಚರ್ಚಿಸಲು

1. ನಮ್ಮ ಊರಿನಲ್ಲಿ ಕಳೆದ ವರ್ಷ ಯಾರು ಯಾರು ತಲೆಗೆ ಪೆಟ್ಟು ಮಾಡಿಕೊಂಡರು? ಎಲ್ಲಿ, ಹೇಗೆ?
2. ಅಪಾಯದ ಗುರುತುಗಳಲ್ಲಿ ಐದನ್ನು ಹೇಳಿರಿ.
3. ಬಿತ್ತುವ ಹೊತ್ತಿನಲ್ಲಿ ಒಬ್ಬ ರೈತ ಪೆಟ್ಟು ತಿಂದು ಮಲಗಿದರೆ, ಅವನ ಹೊಲವನ್ನು ಯಾರು ಬಿತ್ತಬೇಕು?

ಮೂರನೇ ಪ್ರಶ್ನೆಗೆ ಉತ್ತರ ನಿಮ್ಮಲ್ಲಿಯೇ ಇದೆ. ಹೊಲದ ಚಿಂತೆಯೇ ಗಾಯಾಳುವನ್ನು ಹೊತ್ತಿಗೆ ಮುಂಚೆ ಹಾಸಿಗೆಯಿಂದ ಎಬ್ಬಿಸುತ್ತದೆ. ಮುಯ್ಯಾಳಿನ ಪದ್ಧತಿ ನಮಗೆ ಹೊಸದಲ್ಲ. ನಾಲ್ಕು ಜೋಡಿ ಎತ್ತು, ಒಂದು ದಿನದ ದುಡಿಮೆ ಕೂಡಿದರೆ ಅವನ ಹೊಲ ಬಿತ್ತಿಹೋಗುತ್ತದೆ. ಅವನ ತಲೆಗೂ ಮಾಯಲು ಬೇಕಾದ ಹೊತ್ತು ಸಿಗುತ್ತದೆ.